ಎಡೆಗೆ ಉಪ್ಪು

ಮೆಸ್ಯಾ ಕ್ಯಾರೆಟ್ಟನ್ನು ಓರೆಯಾಗಿ ಹೆಚ್ಚುತ್ತಿದ್ದಾಗ ಪುರಿಂಗ್ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದಳು.

"ಚಾಕು ಕೆಳಗಿಡು. ಗಂಡ ನಡುಮನೇಲಿ ಪೆಟ್ಟಿಗೆಯೊಳಗೆ ಮಲಗಿದಾನೆ, ಹೆಂಡತಿ ಇಲ್ಲಿ ತರಕಾರಿ ಹೆಚ್ಚುತಾ ಕೂತಿದಾಳೆ. ಸತ್ತ ಮನೆಯೋರು ಒಲೆ ಮುಟ್ಟಬಾರದು ಅನ್ನೋದು ಗೊತ್ತಿಲ್ವಾ ನಿನಗೆ?"

"ಒಲೆ ಎಲ್ಲಿ ಮುಟ್ಟಿದೆ ಮಾನಾಂಗ್? ಚಾಕು ಮುಟ್ಟಿದೀನಿ."

"ಬಾಯಿಗೇನೂ ಕಮ್ಮಿಯಿಲ್ಲ."

ಪುರಿಂಗ್ ಸತ್ತವನ ಅಕ್ಕ. ಎಂಬತ್ತೊಂದು ವರ್ಷ. ಕೇರಿಯಲ್ಲಿ ಯಾರು ಹೋದರೂ ಜಪಸರ ಹಿಡಿದು ಪ್ರಾರ್ಥನೆ ಹೇಳಿಸುವವಳು ಅವಳೇ ಆದ್ದರಿಂದ, ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಮಾನಾಂಗ್, ಹಿರಿಯಕ್ಕ. ಏನು ಮಾಡಬೇಕು, ಏನು ಕೂಡದು ಎನ್ನುವುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹೆಣ ಇರುವಷ್ಟು ದಿನ ಮನೆ ಗುಡಿಸಕೂಡದು. ಬಂದವರಿಗೆ ಉಪಕಾರವಾಯಿತು ಎನ್ನಕೂಡದು. ಹೋಗುವವರನ್ನು ಬಾಗಿಲವರೆಗೆ ಕಳಿಸಕೂಡದು. ಐದು ದಿನದಿಂದ ಪೊರಕೆ ಕಾಣದ ಹಿತ್ತಿಲ ಚಪ್ಪರದಡಿ ಬೆಳ್ಳುಳ್ಳಿ ಸಿಪ್ಪೆ, ಕಲ್ಲಂಗಡಿ ಬೀಜದ ಸಿಪ್ಪೆ, ಸಿಗರೇಟಿನ ತುಂಡು ಎಲ್ಲ ಸೇರಿ ಕಾಲಿಟ್ಟಲ್ಲೆಲ್ಲ ಚರಚರ ಎನ್ನುತ್ತಿದ್ದವು. ಈಗ ಅದರ ಮೇಲೆ ಮೆಸ್ಯಾ ಸೀಮೆ ಬದನೆಯ ಸಿಪ್ಪೆಯನ್ನೂ ಉದುರಿಸಿದ್ದಳು.

"ಹಂದಿಮಾಂಸ ಪಕ್ಕದ ಮನೆಯೋರು ಮಾಡಲಿ, ಅನ್ನಾನೂ ಅವರೇ ಬೇಯಿಸಲಿ. ನಾನು ಬೇಡ ಅಂದ್ನಾ?" ಎಂದಳು ಮೆಸ್ಯಾ. "ಈ ತರಕಾರಿ ಚಾಪ್‌ಸುಯ್ ಮಾತ್ರ ನಾನೇ ಮಾಡೋದು. ನಿಮ್ಮ ತಮ್ಮ ನಲವತ್ನಾಲ್ಕು ವರ್ಷ ಬೇರೆಯೋರ ಕೈ ಚಾಪ್‌ಸುಯ್ ತಿಂದೋನಲ್ಲ. ಮದುವೆ ಮನೇಲಿ ಬಡಿಸಿದ್ರೂ ಮುಟ್ಟುತಾ ಇರಲಿಲ್ಲ."

ಅದು ಪುರಿಂಗ್‌ಗೂ ಗೊತ್ತಿದ್ದ ವಿಷಯ. ಅವಳು ಹಿಡಿದ ಮಣಿಕಟ್ಟನ್ನು ಬಿಟ್ಟಳು.

"ಸರಿ, ಹೆಚ್ಚಿಡು. ಮಣ್ಣು ಮಾಡಿ ಬಂದ ಮೇಲೆ ಒಲೆ ಹಚ್ಚು, ಅದಕ್ಕೆ ಮುಂಚೆ ಬೇಡ. ಮತ್ತೆ, ಅವನ ಎಡೆ ಮೊದಲು ತೆಗೀಬೇಕು. ಉಪ್ಪು ಬೀಳೋಕೆ ಮುಂಚೆ."

ಮೆಸ್ಯಾಳ ಚಾಕು ನಿಂತಿತು.

"ಉಪ್ಪಿಲ್ಲದೆ?"

"ಇದೇನು ಹೊಸಬಳ ಹಾಗೆ ಕೇಳ್ತೀಯ? ಸತ್ತೋರಿಗೆ ಯಾವತ್ತಾದ್ರೂ ಉಪ್ಪು ಹಾಕಿ ಇಟ್ಟಿದ್ದುಂಟಾ? ಉಪ್ಪು ಇದ್ದ ಕಡೆ ಆತ್ಮ ಸುಳಿಯೋದಿಲ್ಲ. ಬಾಗಿಲವರೆಗೆ ಬಂದು, ಹಸಿದ ಹೊಟ್ಟೇಲೇ ವಾಪಸ್ ಹೋಗ್ತಾನೆ ನನ್ನ ತಮ್ಮ. ಆಮೇಲೆ ಒಂಬತ್ತು ದಿನಾನೂ ಮನೆ ಸುತ್ತ ಅಲೀತಾನೆ. ಅದು ಬೇಕಾ ನಿನಗೆ?"

ಮೆಸ್ಯಾ ಹೂಕೋಸನ್ನು ಎತ್ತಿಕೊಂಡು ಒಂದೊಂದೇ ತೊಟ್ಟು ಬಿಡಿಸತೊಡಗಿದಳು. ಪುರಿಂಗ್ ಒಪ್ಪಿಗೆಯೆಂದು ತಿಳಿದು ಒಳಗೆ ಹೋದಳು. ಮೆಸ್ಯಾ ಒಪ್ಪಿರಲಿಲ್ಲ.

*

ಮೆಸ್ಯಾಳ ಗಂಡ ಎಲ್ಪಿಡಿಯೋ ಮೀನಿನ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಐಸ್ ಒಡೆಯುವವನಾಗಿದ್ದ. ಮೂವತ್ತೆಂಟು ವರ್ಷ ಅದೊಂದೇ ಕೆಲಸ. ಆಳುದ್ದದ ಐಸ್ ಗಡ್ಡೆಯನ್ನು ಮರದ ಕೊಡತಿಯಿಂದ ಕುಟ್ಟಿ ಪುಡಿ ಮಾಡಿ ಮೀನಿನ ಪೆಟ್ಟಿಗೆಗಳಿಗೆ ತುಂಬುವುದು. ಅವನ ಅಂಗೈ ಯಾವ ಕಾಲದಲ್ಲೂ ತಣ್ಣಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ಮೆಸ್ಯಾ ಬೆಚ್ಚಿಬೀಳುತ್ತಿದ್ದಳು, ಆಮೇಲೆ ಸೆಕೆಗಾಲದಲ್ಲಿ ಅದೇ ಕೈಯನ್ನು ಎಳೆದು ಕುತ್ತಿಗೆಗೆ ಇಟ್ಟುಕೊಳ್ಳುವುದನ್ನು ಕಲಿತಳು.

ಶನಿವಾರ ದೋಣಿಯವರು ಅವನ ಬಕೆಟ್ಟಿಗೆ ಎರಡು ಹಿಡಿ ಸಿಗಡಿ, ನಾಲ್ಕು ಬೊಂಡಾಸ ಮೀನು ಎಸೆಯುತ್ತಿದ್ದರು. ಅದಕ್ಕೆಂದೇ ಮೆಸ್ಯಾ ಬೆಳಿಗ್ಗೆ ಸಂತೆಯಿಂದ ತರಕಾರಿ ತಂದಿಡುತ್ತಿದ್ದಳು. ಮಧ್ಯಾಹ್ನ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ಉಸ್ತುವಾರಿ ಮಾಡುತ್ತಿದ್ದ. ಕೈ ಹಾಕುತ್ತಿರಲಿಲ್ಲ, ಬಾಯಿ ಮಾತ್ರ ಹಾಕುತ್ತಿದ್ದ.

"ಸಿಗಡಿ ತೆಗಿ, ತೆಗಿ! ರಬ್ಬರ್ ಆಗುತ್ತೆ."

"ನಾನು ಒಲೆ ಮುಂದೆ ಇದೀನೋ, ನೀನು ಇದೀಯೋ?"

"ಎಲೆಕೋಸು ಈಗಲೇ ಹಾಕಬೇಡ್ವೇ, ಹೂಕೋಸು ಇನ್ನೂ ಹಸಿ ಇದೆ. ಹಲ್ಲಿಗೆ ಕರುಂ ಅನ್ನಬೇಕು, ಆದ್ರೆ ಹಸಿ ಅನ್ನಿಸಬಾರದು."

"ನಿನಗಿರೋದೇ ಏಳು ಹಲ್ಲು. ಅದಕ್ಕೆ ಇಷ್ಟು ಉಪಚಾರ!"

ಆರು ವರ್ಷದ ಹಿಂದೆ ಅವನ ಕಾಲು ಊದಿಕೊಂಡವು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಬೆರಳಿನಿಂದ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಎರಡೂ ಸೋತಿವೆ, ಎರಡು ವರ್ಷ ಎಳೆದರೆ ಹೆಚ್ಚು, ಉಪ್ಪು ಸಂಪೂರ್ಣ ಬಿಡಬೇಕು ಎಂದರು. ಮೆಸ್ಯಾ ಮನೆಗೆ ಬಂದವಳೇ ಉಪ್ಪಿನ ಡಬ್ಬಿಯನ್ನೂ, ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ಇಳಿಸಿದ ಪಾತಿಸ್ ರಸದ ಬಾಟಲಿಯನ್ನೂ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಮನೆಯಲ್ಲಿದ್ದರೆ ತಾನೇ ಕೈ ಹೋಗುವುದು.

ಆ ಶನಿವಾರ ಎಲ್ಪಿಡಿಯೋ ಮೊದಲ ತುತ್ತು ಬಾಯಿಗಿಟ್ಟು ಹಾಗೇ ಕೂತ.

"ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರೇನೇ ನಿನಗೆ?"

"ಸುಮ್ನೆ ತಿನ್ನು."

"ದೆವ್ವಕ್ಕೆ ಇಟ್ಟಂಗೆ ಇಟ್ಟಿದೀಯಲ್ಲೇ. ನಿನ್ನ ತಟ್ಟೇಲಿ ಉಪ್ಪಿದೆ ಅಲ್ವಾ?"

ಮೆಸ್ಯಾ ತನ್ನ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು. ಅವನು ಅದರಿಂದ ಒಂದು ಚಮಚ ತಿಂದ. ಇನ್ನೊಂದು ತಿಂದ. ಅದೂ ಸಪ್ಪೆಯೇ. ಅವನು ತಟ್ಟೆಯನ್ನು ಮೆಲ್ಲಗೆ ವಾಪಸ್ ತಳ್ಳಿ, ತನ್ನ ಪಾಲಿನದನ್ನು ತಲೆ ಎತ್ತದೆ ತಿಂದು ಮುಗಿಸಿದ.

ಒಂದೇ ಬಾಣಲೆ, ಒಂದೇ ಅಡುಗೆ. ಎರಡು ರೀತಿ ಮಾಡುವುದಕ್ಕೆ ಸೌದೆಯೂ ದಂಡ, ಮನಸ್ಸೂ ದಂಡ ಎಂದು ಮೆಸ್ಯಾ ಅಂದುಕೊಂಡಿದ್ದಳು. ಮೊದಮೊದಲು ಅವಳಿಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಬೇಕರಿಯ ಬ್ರೆಡ್ಡೂ ಉಪ್ಪೆನಿಸತೊಡಗಿತು. ಆಮೇಲೆ ಮದುವೆ ಮನೆಗಳಲ್ಲಿ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿಯುವಂತಾಯಿತು. ಯಾವುದು ಹದ, ಯಾವುದು ಹೆಚ್ಚು ಎನ್ನುವುದೇ ನಾಲಿಗೆಗೆ ಮರೆತುಹೋಯಿತು.

ಕಳೆದ ತಿಂಗಳು ಒಂದು ಸಂಜೆ ಅವನು ಇದ್ದಕ್ಕಿದ್ದಂತೆ ಅಂದಿದ್ದ:

"ನಾನು ಹೋದ ಮೇಲೆ ಅಕ್ಕ ಬಂದು ಸಪ್ಪೆ ಎಡೆ ಇಡಿಸ್ತಾಳೆ, ನೋಡ್ತಿರು. ಬದುಕಿದ್ದಾಗಲೂ ಸಪ್ಪೆ, ಸತ್ತ ಮೇಲೂ ಸಪ್ಪೆ ಅಂದ್ರೆ ಸಾಯೋದ್ರಲ್ಲಿ ಏನು ಸುಖ? ನನ್ನ ತಟ್ಟೆಗೆ ಪಾತಿಸ್ ಹಾಕಿಡು. ಮಾತು ಕೊಡು."

"ಮೊದಲು ಸಾಯಿ, ಆಮೇಲೆ ನೋಡೋಣ."

ಅವನು ಕೆಮ್ಮು ಬರುವವರೆಗೆ ನಕ್ಕಿದ್ದ. ಹೋದ ಗುರುವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತವನು ಕೂತಂತೆಯೇ ಹೋದ. ಎಪ್ಪತ್ತೊಂದು ವರ್ಷ. ಅವಳು ಮಾತು ಕೊಟ್ಟಂತೆಯೂ ಆಗಿರಲಿಲ್ಲ, ಇಲ್ಲವೆಂದಂತೆಯೂ ಆಗಿರಲಿಲ್ಲ.

*

ಚರ್ಚಿನ ಪೂಜೆ ಬೇಗ ಮುಗಿಯಿತು. ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಬ್ಯಾಂಡಿನವರು ಎರಡೇ ರಾಗ ಬಾರಿಸಿದರು. ಅವರಿಗೆ ಬರುತ್ತಿದ್ದುದೂ ಎರಡೇ. ಪೆಟ್ಟಿಗೆಯ ಗಾಜಿನ ಮೇಲೆ ಕಣ್ಣೀರು ಬೀಳಬಾರದೆಂದು ಪುರಿಂಗ್ ಮೆಸ್ಯಾಳ ಭುಜ ಹಿಡಿದು ಹಿಂದಕ್ಕೆಳೆದಳು. ಮೆಸ್ಯಾ ಅಳುತ್ತಿರಲಿಲ್ಲ. ಉಪ್ಪಿನ ವಿಷಯವೇ ತಲೆಯಲ್ಲಿ ಸುತ್ತುತ್ತಿತ್ತು.

ಹನ್ನೊಂದು ಗಂಟೆಗೆ ಜನ ಮನೆಗೆ ಬಂದು, ಗೇಟಿನ ಬಳಿ ಸೀಬೆ ಎಲೆ ಕುದಿಸಿಟ್ಟ ನೀರಿನಲ್ಲಿ ಕೈ ತೊಳೆದು, ಅಂಗಳದ ಬೆಂಚುಗಳಲ್ಲಿ ಕೂತರು. ಎಂಬತ್ತು ಜನರಿಗೆ ಕಮ್ಮಿಯಿರಲಿಲ್ಲ. ಮೆಸ್ಯಾ ಕಪ್ಪು ಬಟ್ಟೆ ಬದಲಿಸದೆ ಮೇಲೊಂದು ಹಳೇ ಅಂಗಿ ತೊಟ್ಟು ಹಿತ್ತಿಲಿಗೆ ಹೋದಳು. ಚರ್ಚಿನಿಂದ ತಂದ ದೊಡ್ಡ ಬಾಣಲೆ ಮೂರು ಕಲ್ಲಿನ ಮೇಲೆ ಕೂತಿತ್ತು. ಮಗಳು ಆರ್ಸೆಲಿ ಸಿಗಡಿಯ ತಲೆಗಳನ್ನು ಒರಳಲ್ಲಿ ಜಜ್ಜಿ, ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ಕಿತ್ತಳೆ ಬಣ್ಣದ ರಸ ತೆಗೆಯುತ್ತಿದ್ದಳು. ಆರ್ಸೆಲಿಯನ್ನು ಆಚೆ ಊರಿಗೆ ಕೊಟ್ಟಿತ್ತು; ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು.

ಬೆಳ್ಳುಳ್ಳಿ ಕೆಂಪಾಯಿತು, ಈರುಳ್ಳಿ ಬಾಡಿತು. ಸಿಗಡಿ ಮತ್ತು ಬೊಂಡಾಸವನ್ನು ಹಾಕಿ, ಅವು ಮುದುಡುತ್ತಿದ್ದಂತೆ ಜಾಲರಿಯಲ್ಲಿ ಎತ್ತಿ ಬದಿಗಿಟ್ಟಳು. ಕ್ಯಾರೆಟ್ ಬಿತ್ತು, ಹೂಕೋಸು ಬಿತ್ತು, ಸೀಮೆ ಬದನೆ ಬಿತ್ತು. ತಟ್ಟಿಯ ಆಚೆ ಅಂಗಳದಲ್ಲಿ ಕೂತವರ ಮಾತು ಚಟಪಟ ಸದ್ದಿನ ನಡುವೆ ಕೇಳಿಸುತ್ತಿತ್ತು.

"ಎಲ್ಪಿಡಿಯೋ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಅಂಗಡಿಗೆ ಎರಡು ಸಲ ಬಂದು ಹೋಗಿರೋನು," ಅಂದದ್ದು ಕ್ಷೌರದ ಪುಲೋ.

"ತಲೇಲಿ ಒಂದು ಕೂದಲು ಇರಲಿಲ್ಲ. ನಿನ್ನಂಗಡೀಲಿ ಅವನಿಗೇನಯ್ಯ ಕೆಲಸ?" ಇದು ಒಣಮೀನು ಮಾರುವ ತೆರ್ಯಾಳ ದನಿ.

"ಕನ್ನಡಿ ಹಿಂದೆ ಒಂದು ಬಾಟಲಿ ಪಾತಿಸ್ ಇಟ್ಟಿದ್ದೆ ಅವನಿಗೋಸ್ಕರ. ಅಂಗೈಗೆ ನಾಲ್ಕು ಹನಿ ಬಿಟ್ಕೊಂಡು ನೆಕ್ಕಿ, 'ಹಾ!' ಅಂದು ಹೋಗೋನು."

"ಅಯ್ಯೋ ಕಳ್ಳ! 'ನೀನೊಬ್ಬಳೇ ಕಣೆ ತೆರ್ಯಾ ನನಗೆ ದಿಕ್ಕು' ಅಂತ ನನ್ನ ಹತ್ರ ಹೇಳ್ತಿದ್ನಲ್ಲೋ! ದಿನಾ ಒಂದು ಒಣಮೀನು ಕೈಗಿಡ್ತಿದ್ದೆ. ತಿಂದಾದ ಮೇಲೆ ಸೀಬೆ ಎಲೆ ಅಗೀತಿದ್ದ, ಮೆಸ್ಯಾಗೆ ವಾಸನೆ ಹತ್ತಬಾರದು ಅಂತ."

"ಸೀಬೆ ಎಲೆ ಯಾರ ಗಿಡದ್ದು ಅಂದ್ಕೊಂಡೆ? ನಮ್ಮದು!" ಎಂದು ಇನ್ನಾರೋ ಹೇಳಿದರು. "ನಮ್ಮಲ್ಲಿ ಹಸಿ ಮಾವಿನಕಾಯಿಗೆ ಉಪ್ಪು ಅದ್ಕೊಂಡು ತಿಂದು, ಎಲೇನೂ ಕಿತ್ಕೊಂಡು ಹೋಗೋನು."

ನಗೆ ಎದ್ದಿತು. ಐದು ದಿನದ ಜಾಗರಣೆಯಲ್ಲಿ ಎಂದೂ ಏಳದಂಥ ಒಳ್ಳೆಯ ನಗೆ. ಅದು ಒಂದು ಕಡೆಯಿಂದ ಸಟ್ಟನೆ ನಿಂತು, ಇನ್ನೊಂದು ಕಡೆಗೂ ಹಬ್ಬಿ, ಪೂರ್ತಿ ನಿಂತಿತು. ಮೆಸ್ಯಾ ಸಟ್ಟುಗ ಹಿಡಿದು ತಟ್ಟಿಯ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ಮನೆ?"

ತೆರ್ಯಾ ಪುಲೋನ ಕಡೆ ನೋಡಿದಳು.

"ಎಷ್ಟು ಮನೆ ಅಂತ ಕೇಳಿದೆ ಪುಲೋ."

"ಮೆಸ್ಯಾ ಅಕ್ಕಾ... ನಂದೊಂದು. ತೆರ್ಯಾಂದು ಒಂದು. ದಕ್ಕೆ ಕಾಫಿ ಅಂಗಡಿ..." ಅವನು ಬೆರಳು ಮಡಿಸತೊಡಗಿದ. ಕೂತವರು ಒಬ್ಬೊಬ್ಬರಾಗಿ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಕ್ಕಳಂತೆ ಕೈ ಎತ್ತಿದರು. ಹತ್ತು ಬೆರಳು ಮುಗಿದು ಒಂದು ಉಳಿಯಿತು.

"ಹನ್ನೊಂದು," ಎಂದ ಪುಲೋ.

"ಅಪ್ಪ ನನ್ನನ್ನೂ ಕೇಳಿದ್ದ," ಎಂದಳು ಆರ್ಸೆಲಿ ಹಿಂದಿನಿಂದ. "ನಾನು ಕೊಡಲಿಲ್ಲ ಅಮ್ಮಾ." ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ, "ಒಂದೇ ಸಲ ಕೊಟ್ಟೆ," ಎಂದಳು.

ತೆರ್ಯಾ ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. "ನಾವೇ ಸಾಯಿಸಿದ್ವಾ ಅಕ್ಕಾ?"

"ಎರಡು ವರ್ಷ ಅಂದಿದ್ರು ಡಾಕ್ಟರು. ಆರು ವರ್ಷ ಇದ್ದ," ಎಂದಳು ಮೆಸ್ಯಾ. "ಯಾರೂ ಸಾಯಿಸಿಲ್ಲ. ಕೂತ್ಕೋ."

ಅವಳು ಒಲೆಗೆ ಮರಳಿದಳು. ಮೈಯೆಲ್ಲ ಉರಿಯುತ್ತಿತ್ತು, ಆದರೆ ಕೈ ತನ್ನ ಕೆಲಸ ಮರೆಯಲಿಲ್ಲ. ಎಳೆ ಜೋಳದ ತೆನೆ, ಬಟಾಣಿಯ ಎಳೆಕಾಯಿ. ಆಮೇಲೆ ದೊಣ್ಣೆ ಮೆಣಸಿನಕಾಯಿ, ಎಲೆಕೋಸು. ಸಿಗಡಿ ತಲೆಯ ರಸ ಸುರಿದಾಗ ಹೊಗೆಯಂಥ ಆವಿ ಎದ್ದು ಮುಖ ಮುಚ್ಚಿತು. ಕಾರ್ನ್‌ಫ್ಲೋರ್ ಕಲಸಿದ ನೀರು ಹಾಕಿ ಕೈಯಾಡಿಸಿದಳು. ರಸ ಗಟ್ಟಿಯಾಗಿ ಹೊಳಪೇರಿತು. ಬದಿಗಿಟ್ಟ ಸಿಗಡಿ, ಬೊಂಡಾಸ, ಸುಲಿದ ಲಾವಕ್ಕಿ ಮೊಟ್ಟೆ.

ಆರು ವರ್ಷ. ಈ ಇಡೀ ಕೇರಿಯಲ್ಲಿ ಆರು ವರ್ಷ ಉಪ್ಪು ಬಿಟ್ಟವಳು ತಾನೊಬ್ಬಳೇ! ಕಿಡ್ನಿ ಕೆಟ್ಟದ್ದು ಅವನದು, ನಾಲಿಗೆ ಕೆಟ್ಟದ್ದು ತನ್ನದು.

ಬಾಣಲೆ ಇಳಿಸುವ ಮೊದಲು ಒಂದು ತಟ್ಟೆಗೆ ಬಡಿಸಿಕೊಂಡು, ಅಂಗಳದ ಮೇಜಿನ ತಲೆಯ ಕಡೆ, ಅವನಿಗೆಂದು ಖಾಲಿ ಬಿಟ್ಟ ಕುರ್ಚಿಯ ಮುಂದೆ ಠಪ್ಪನೆ ಇಟ್ಟಳು.

"ತಗೊಳ್ಳಿ ಮಾನಾಂಗ್, ನಿಮ್ಮ ತಮ್ಮನ ಎಡೆ. ಒಂದು ಹರಳು ಉಪ್ಪಿಲ್ಲ. ತಿನ್ನಲಿ. ಚೆನ್ನಾಗಿ ತಿನ್ನಲಿ."

"ಹಾಗೆಲ್ಲ ಸಿಟ್ಟಲ್ಲಿ ಇಡಬಾರದು," ಎಂದಳು ಪುರಿಂಗ್. ಆದರೂ ಅವಳಿಗೆ ಸಮಾಧಾನವಾಗಿತ್ತು.

ಮೆಸ್ಯಾ ಹಿತ್ತಿಲಿಗೆ ಬಂದು ಉಳಿದದ್ದಕ್ಕೆ ಪಕ್ಕದ ಮನೆಯವರು ತಂದಿಟ್ಟ ಪಾತಿಸ್ ಸುರಿದಳು. ಹದ ನೋಡಲು ತೆರ್ಯಾಳನ್ನು ಕರೆದಳು. ತೆರ್ಯಾ ತಪ್ಪಿತಸ್ಥಳ ಮುಖದಲ್ಲೇ ಬಂದು, ಒಂದು ಚಮಚ ತಿಂದು, "ಇನ್ನೊಂದು ಸ್ವಲ್ಪ," ಎಂದಳು. ಮೆಸ್ಯಾ ಇನ್ನಷ್ಟು ಸುರಿದ ಮೇಲೆ ಮತ್ತೆ ತಿಂದು, "ಈಗ ಸರಿ," ಎಂದಳು. ಪುಲೋ ಬಾಣಲೆಯ ಒಂದು ಕಿವಿ ಹಿಡಿಯಲು ಬಂದವನು ಹಿಡಿಯದೆ ನಿಂತ.

"ಒಂದು ಮಾತು ಅಕ್ಕಾ. ಬೈದ್ರೆ ಬೈಕೊಳ್ಳಿ. ಶನಿವಾರ ಮಾತ್ರ ಅವನು ನಮ್ಮಂಗಡಿಗೆ ಬರ್ತಿರಲಿಲ್ಲ."

"ಶನಿವಾರ ನಿನ್ನಂಗಡೀಲಿ ಜನ ಜಾಸ್ತಿ. ಅದಕ್ಕೇ."

"ಅದಕ್ಕಲ್ಲ. ಒಂದ್ಸಲ ಬಾಗಿಲ ಮುಂದೆ ಹೋಗ್ತಿದ್ದ, ನಾನೇ ಕೂಗಿದೆ. 'ಇವತ್ತು ಮನೇಲಿ ಚಾಪ್‌ಸುಯ್ ಅಲ್ವಾ, ಸಪ್ಪೆ ತಿನ್ನಬೇಕಲ್ಲ, ಬಾ, ನಾಲ್ಕು ಹನಿ ನೆಕ್ಕೊಂಡು ಹೋಗು' ಅಂದೆ. 'ಇವತ್ತು ಬೇಡ ಕಣೋ, ಅವಳೂ ಸಪ್ಪೇನೇ ತಿಂತಾಳೆ' ಅಂದ. ಹೋದ."

"ಹೌದು ಕಣೋ," ಎಂದಳು ತೆರ್ಯಾ ನೆನಪಿಸಿಕೊಳ್ಳುತ್ತ. "ಶನಿವಾರ ನನ್ನ ಹತ್ರಾನೂ ಇಲ್ಲ. ಬಕೆಟ್ ಹಿಡ್ಕೊಂಡು ನೇರ ಮನೆಗೆ. ಒಣಮೀನು ತೋರಿಸಿದ್ರೂ ಈ ಕಡೆ ತಿರುಗ್ತಿರಲಿಲ್ಲ."

ಮೆಸ್ಯಾ ಉರಿ ಸರಿಸಿದಳು. ಸರಿಸಿದ್ದನ್ನೇ ಮತ್ತೆ ಸರಿಸಿದಳು. ಸೌದೆಯ ಹೊಗೆಗೋ ಏನೋ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಪಾತಿಸ್ ಬಾಟಲಿಯನ್ನು ಕುತ್ತಿಗೆ ಹಿಡಿದೆತ್ತಿ ಅಂಗಳಕ್ಕೆ ನಡೆದಳು.

ಜನರಿಗೆ ತಟ್ಟೆ ಹಂಚಿಯಾಗಿತ್ತು. ಸತ್ತವನನ್ನು ಊಟಕ್ಕೆ ಕರೆಯುವುದೊಂದೇ ಬಾಕಿ. ಅದಾಗದೆ ಯಾರೂ ಬಡಿಸಿಕೊಳ್ಳುವಂತಿರಲಿಲ್ಲ. ಪುರಿಂಗ್ ಬಾಟಲಿಯನ್ನು ನೋಡಿದಳು.

"ಮೆಸ್ಯಾ! ಉಪ್ಪು ಬಿದ್ರೆ ಅವನು ಬರಲ್ಲ, ಹೇಳಿದೀನಿ."

"ಉಪ್ಪಿಗೋಸ್ಕರ ಹನ್ನೊಂದು ಮನೆ ಸುತ್ತಿದೋನು ಮಾನಾಂಗ್. ಉಪ್ಪಿದೆ ಅಂತ ತನ್ನ ಮನೆಗೇ ಬರೋದಿಲ್ವಾ?"

ಬೆಂಚಿನ ಕೊನೆಯಲ್ಲಿ ಯಾರೋ ಕಿಸಕ್ಕೆಂದು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಪುರಿಂಗ್ ನಗಲಿಲ್ಲ.

"ಬರದೇ ಹೋದ್ರೆ?"

ಮೆಸ್ಯಾ ಎಡೆಯ ಮೇಲೆ ಬಾಟಲಿ ಬಗ್ಗಿಸಿದಳು. ನಾಲ್ಕೈದು ಹನಿ ಬಿದ್ದವು. ಸಾಕೋ, ಸಾಲದೋ, ಹೆಚ್ಚಾಯಿತೋ? ಚಮಚದಿಂದ ಕಲಸಿದಳು. ತಾನು ತಿಂದು ನೋಡಿದರೆ ಒಂದು ಹನಿಯೂ ಸಮುದ್ರವೇ. ಚಮಚವನ್ನು ತೆರ್ಯಾಳ ಕಡೆ ಚಾಚಿದಳು.

ತೆರ್ಯಾ ಎರಡು ಹೆಜ್ಜೆ ಹಿಂದೆ ಹೋದಳು. "ಬಾಣಲೇದು ಬೇರೆ ಅಕ್ಕಾ. ಇದು ಎಡೆ. ಸತ್ತೋರು ಉಣ್ಣೋಕೆ ಮುಂಚೆ ಬಾಯಿಗಿಟ್ರೆ ಮುಂದಿನ ಸರದಿ ನಮ್ಮದೇ ಅಂತಾರೆ."

ಪುಲೋ ತನ್ನ ಚಪ್ಪಲಿ ನೋಡಿಕೊಂಡ. ಆರ್ಸೆಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. "ಕೊಡಮ್ಮಾ, ನಾನು ನೋಡ್ತೀನಿ."

"ನೀನು ಮುಟ್ಟಬೇಡ!" ಪುರಿಂಗ್ ಊರುಗೋಲನ್ನು ಅಡ್ಡ ಹಿಡಿದಳು. "ಸಣ್ಣ ಮಕ್ಕಳ ತಾಯಿ ನೀನು. ಹಿಂದೆ ಹೋಗು."

ಅಂಗಳದಲ್ಲಿ ಎಂಬತ್ತು ಜನ ಖಾಲಿ ತಟ್ಟೆ ಹಿಡಿದು ಕಾಯುತ್ತಿದ್ದರು. ಮೆಸ್ಯಾಳ ಕೈಯಲ್ಲಿ ಚಮಚ ಹಾಗೇ ಇತ್ತು. ಪುರಿಂಗ್ ಅದನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು. ಊರುಗೋಲನ್ನು ಮೇಜಿಗೆ ಒರಗಿಸಿದಳು. ಜಪಸರವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಚಮಚ ಬೇಡವೆಂದು ಸರಿಸಿ, ಕಿರುಬೆರಳನ್ನು ತಟ್ಟೆಯ ರಸದಲ್ಲಿ ಅದ್ದಿ ನೆಕ್ಕಿದಳು. ಬೊಚ್ಚುಬಾಯಿಯನ್ನು ಎರಡು ಸಲ ಚಪ್ಪರಿಸಿದಳು.

"ಸಾಲದು," ಎಂದಳು.

ಮೆಸ್ಯಾಳ ಕೈಯಿಂದ ಬಾಟಲಿ ಕಿತ್ತುಕೊಂಡಳು. ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಬಗ್ಗಿಸಿದಳು. ಕಂದು ರಸ ಲಾವಕ್ಕಿ ಮೊಟ್ಟೆಗಳ ಸುತ್ತ ಹರಿದು ಹೂಕೋಸಿನ ಸಂದಿಗೆ ಇಳಿಯಿತು. ಪುರಿಂಗ್ ಬೆರಳನ್ನು ಮತ್ತೆ ಅದ್ದಿ ಬಾಯಿಗಿಟ್ಟುಕೊಂಡಳು, ಕಣ್ಣು ಮುಚ್ಚಿ ಚಪ್ಪರಿಸಿದಳು, ಬಾಟಲಿಯನ್ನು ಇನ್ನೊಮ್ಮೆ ಬಗ್ಗಿಸಿದಳು.